ದಾರುಗಂಧದ ಎರಡು ಪರಂಪರೆಗಳು: ದ್ವೀಪದ ಬೇ ರಮ್ ಮತ್ತು ಕರಾವಳಿಯ ಅತ್ತರು

ಪುರುಷರ ಅಲಂಕರಣದಲ್ಲಿ ಮರದ ಪರಿಮಳಕ್ಕೆ ದೊರೆತಿರುವ ಪ್ರಾಶಸ್ತ್ಯವು ಪರದೇಶದಿಂದ ಈಚೆಗೆ ಬಂದುದೆಂಬ ಅಭಿಪ್ರಾಯವು ಬಳಕೆಯಲ್ಲಿದ್ದರೂ, ಜಾಲಿ, ಭಟ್ಕಳ, ಹೊನ್ನಾವರಗಳ ಕರಾವಳಿಯ ಇತಿಹಾಸವನ್ನು ಪರಾಮರ್ಶಿಸಿದವರಿಗೆ ಅದು ಗ್ರಾಹ್ಯವೆಂದು ತೋರದು. ಕೆರಿಬಿಯನ್ ದ್ವೀಪದ ಬೇ ರಮ್ ಪದ್ಧತಿಗೂ ನಮ್ಮ ಅತ್ತರಿನ ಪದ್ಧತಿಗೂ ಇರುವ ಮುಖ್ಯ ಭೇದವು ಗಂಧವನ್ನು ಧರಿಸುವ ದ್ರವದಲ್ಲಿದೆ: ಅಲ್ಲಿ ಮದ್ಯಸಾರ, ಇಲ್ಲಿ ತೈಲ. ನಮ್ಮ ಶ್ರೀಗಂಧದ ಭಾಗ್ಯಾಭಾಗ್ಯಗಳೆರಡೂ ಈ ಭೇದಕ್ಕೆ ಸಂಬಂಧಿಸಿದುವೆಂಬುದೇ ಪ್ರಕೃತ ಲೇಖನದ ಪ್ರತಿಪಾದನೆ.

ಕೆರಿಬಿಯನ್ ಸಮುದ್ರದಲ್ಲಿ ಆಗ ಡೇನರ ಅಧೀನದಲ್ಲಿದ್ದ ಸೇಂಟ್ ಥಾಮಸ್ ದ್ವೀಪವು 19ನೆಯ ಶತಮಾನದಲ್ಲಿ ಬೇ ರಮ್ ಎಂಬ ಸುಗಂಧದ್ರವಕ್ಕೆ ಪ್ರಸಿದ್ಧವಾಯಿತು. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಸರ್ವಸಾಂಬಾರದ ಕುಲಕ್ಕೇ ಸೇರಿದ ಮರವೊಂದರ ಎಲೆಗಳನ್ನು ಕಬ್ಬಿನ ರಮ್ಮಿನೊಡನೆ ಬಟ್ಟಿಯಿಳಿಸಿ ಪಡೆದ ಈ ದ್ರವವು ಲವಂಗವನ್ನು ನೆನಪಿಸುವ ಕಟುಮಧುರ ಗಂಧವುಳ್ಳದ್ದು; ಕ್ಷೌರದ ತರುವಾಯ ಕೆನ್ನೆಗೆ ತಂಪನ್ನೀಯುವುದರಿಂದ ಅದು ಅಮೆರಿಕದ ಕ್ಷೌರದಂಗಡಿಗಳಲ್ಲಿ ನೆಲೆಗೊಂಡಿತು. ಆದರೆ ಮದ್ಯಸಾರವು ಬೇಗನೆ ಆವಿಯಾಗುವುದರಿಂದ, ಗಂಧವನ್ನು ಹಿಡಿದು ನಿಲ್ಲಿಸಲು ಇಂದಿನ ತಯಾರಕರು ಅದಕ್ಕೆ ದೇವದಾರು, ಶ್ರೀಗಂಧ ಮೊದಲಾದ ಮರಗಳ ಸತ್ತ್ವವನ್ನು ಬೆರೆಸುವುದುಂಟು.

ಕನ್ನಡನಾಡಿನ ಗಂಧವಿದ್ಯೆಯಾದರೋ ಇದಕ್ಕಿಂತ ಬಹು ಪ್ರಾಚೀನವಾದುದು. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿಯೂ, 12ನೆಯ ಶತಮಾನದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಸುಗಂಧದ್ರವ್ಯಗಳ ವಿಚಾರವು ವಿಸ್ತಾರವಾಗಿ ನಿರೂಪಿತವಾಗಿದೆ. ಕರಾವಳಿಯಲ್ಲಿ ಈ ದೇಶೀಯ ವಿದ್ಯೆಗೆ ಅರಬ್ಬೀ ಅಭಿರುಚಿಯು ಕೂಡಿಕೊಂಡಿತು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿಯ ಮುಸಲ್ಮಾನರು ಶಾಫಿ ಪಂಥದವರೆಂದು ಬರೆದಿದ್ದಾನೆ. ಭಟ್ಕಳದ ನವಾಯತ ಮುಸಲ್ಮಾನರೂ ಅದೇ ಪಂಥದವರು. ಮದ್ಯಸಾರವನ್ನು ವರ್ಜಿಸುವ ಧಾರ್ಮಿಕರಿಗೆ ಜುಮ್ಮಾ ನಮಾಜಿನ ಮುನ್ನ ಪೂಸಿಕೊಳ್ಳಲು ತೈಲರೂಪದ ಅತ್ತರೇ ಯೋಗ್ಯವಾದುದು. ಅತ್ತರಿನ ತಯಾರಿಕೆಗೆ ಹೆಸರಾದ ಕನೌಜಿನಲ್ಲಿ ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಯೊಳಕ್ಕೇ ಇಳಿಸುತ್ತಿದ್ದರಾದ ಕಾರಣ, ಗುಲಾಬಿ ಅತ್ತರನ್ನು ಹಚ್ಚಿಕೊಂಡವನು ಕೂಡ ಮರದ ಗಂಧವನ್ನೇ ಧರಿಸಿದಂತಾಗುತ್ತಿತ್ತು. ಹೊನ್ನಾವರ, ಕುಮಟಾ, ಶಿರಸಿಗಳ ಗುಡಿಗಾರರು ಅದೇ ಮರವನ್ನು ಕೆತ್ತಿ ಕೀರ್ತಿ ಪಡೆದರು.

ಇಂತಹ ಬೇಡಿಕೆಯಿದ್ದ ಮರವು ರಾಜಸ್ವವಾಯಿತು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. 1914ರ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಉಳಿದುಹೋಗಲು, ಮೈಸೂರು ಸರ್ಕಾರವು ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ತಯಾರಿಕೆಯನ್ನಾರಂಭಿಸಿತು. ಆದರೆ ಬೇ ರಮ್ಮಿಗಾಗಿ ಎಲೆಯನ್ನು ಕೊಯ್ದರೆ ಮರವು ಮತ್ತೆ ಚಿಗುರುವುದು. ಚೇಗಿಗಾಗಿ ಬುಡಸಹಿತ ಕಿತ್ತ ಗಂಧದ ಮರವು ಪುನಃ ಬೆಳೆಯಲು ದಶಕಗಳು ಬೇಕು. ಅತಿಯಾದ ಕಡಿತ, ಕಳ್ಳಸಾಗಣೆ ಹಾಗೂ ಸ್ಪೈಕ್ ರೋಗಗಳಿಂದ ಕ್ಷೀಣಿಸಿದ ಈ ವೃಕ್ಷವು 1998ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯನ್ನು ಸೇರಿತು. ಗಂಧದೆಣ್ಣೆಯ ಬದಲಿಗೆ ಅತ್ತರಿನ ಆಧಾರವಾಗಿ ಅಗ್ಗದ ಪ್ಯಾರಾಫಿನ್ ಎಣ್ಣೆಯು ಬಳಕೆಗೆ ಬಂದಿತು.

2001ರ ಶಾಸನ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಒಡೆಯನೇ ತಾನು ಬೆಳೆದ ಶ್ರೀಗಂಧಕ್ಕೂ ಒಡೆಯನಾಗಿರುವನು. ಗಂಧವನ್ನು ಪ್ರೀತಿಸುವ ನಾಡವರು ಈ ಹಕ್ಕನ್ನು ಬಳಸಿಕೊಂಡು ಮರವನ್ನು ನೆಟ್ಟು ಕಾಯಬೇಕು. ಮರವುಳಿಯದೆ ಈ ಪರಂಪರೆಯು ಉಳಿಯಲಾರದು.