ಸೀಸೆಯ ಒತ್ತೆಹಣ: ಆರಿಗನ್ ರಾಜ್ಯದ ಒಂದು ಶಾಸನ

ಪ್ರಜೆಗಳ ನಡೆವಳಿಕೆಯನ್ನು ತಿದ್ದುವುದಕ್ಕೆ ರಾಜ್ಯಕ್ಕೆ ಎರಡು ಮಾರ್ಗಗಳುಂಟು: ನಿಷೇಧವು ಒಂದು, ಲಾಭನಷ್ಟಗಳ ಏರ್ಪಾಡು ಮತ್ತೊಂದು. ಕಸದ ವಿಷಯದಲ್ಲಿ ಇವುಗಳ ಬಲಾಬಲವನ್ನು ತೂಗಿನೋಡಲು ಅಮೆರಿಕಾ ಸಂಯುಕ್ತ ಸಂಸ್ಥಾನದ ಎರಡು ರಾಜ್ಯಗಳ ಚರಿತ್ರೆಯು ತಕ್ಕ ಒರೆಗಲ್ಲಾಗಿದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಆ ದೇಶದಲ್ಲಿ ಪಾನೀಯದ ಸೀಸೆಗಳು ಸಾಮಾನ್ಯವಾಗಿ ಅಂಗಡಿಗೆ ಹಿಂದಿರುಗಿ, ತೊಳೆದು ಮತ್ತೆ ತುಂಬಲ್ಪಡುತ್ತಿದ್ದುವು. ಯುದ್ಧಾನಂತರ ಒಮ್ಮೆ ಬಳಸಿ ಬಿಸುಡುವ ಸೀಸೆಡಬ್ಬಿಗಳು ಹೆಚ್ಚಿದುವು. ತಯಾರಕರಿಗೆ ಮರಳಿ ಸಾಗಿಸುವ ವೆಚ್ಚವು ಉಳಿಯಿತು. ದಾರಿಯ ಗಾಜನ್ನು ಎತ್ತುವ ವೆಚ್ಚವು ಊರಿನ ಪಾಲಿಗೆ ಬಂದಿತು. ವರ್ಮಾಂಟ್ ರಾಜ್ಯದಲ್ಲಿ ಹೊಲಗಳಿಗೆ ಬೀಳುವ ಗಾಜಿನಿಂದ ದನಗಳಿಗೆ ಅಪಾಯವೆಂದು ರೈತರು ದೂರಿದರು. 1953ರಲ್ಲಿ ಶಾಸನಸಭೆಯು, ಮತ್ತೆ ತುಂಬಲಾಗದ ಸೀಸೆಗಳಲ್ಲಿ ಬಿಯರ್ ಮಾರುವುದನ್ನು ನಿಷೇಧಿಸಿತು. 1957ರಲ್ಲಿ ಅವಧಿಯು ತೀರಲು ಆ ಕಟ್ಟಳೆಯೂ ತೀರಿತು.

ಆರಿಗನ್ ರಾಜ್ಯವು ಹಿಡಿದ ದಾರಿ ಬೇರೆ. ಗವರ್ನರ್ ಟಾಮ್ ಮೆಕಾಲ್ ಅವರು 1971ರಲ್ಲಿ ಅಂಕಿತವಿತ್ತ ಶಾಸನವು 1972ನೆಯ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಬಿಯರ್ ಮತ್ತು ಲಘುಪಾನೀಯಗಳನ್ನು ಕೊಳ್ಳುವವನು ಸೀಸೆಗೆ ಸಾಮಾನ್ಯವಾಗಿ 5 ಸೆಂಟುಗಳ ಒತ್ತೆಯಿಡಬೇಕು. ಸೀಸೆಯನ್ನು ಹಿಂದಿರುಗಿಸಿದಾಗ ಹಣವು ಮರಳುವುದು. ಹಲವು ತಯಾರಕರು ತುಂಬಿಕೊಳ್ಳಬಹುದಾದ ಏಕರೂಪದ ಸೀಸೆಗೆ 2 ಸೆಂಟುಗಳು ಮಾತ್ರ. ಬಿಸುಡುವವನು ತನ್ನ ಹಣವನ್ನೇ ಬಿಸುಟಂತಾಯಿತು; ಆಯುವವನಿಗೆ ಅದು ಸಂಪಾದನೆಯಾಯಿತು. ಡಬ್ಬಿಯ ತಯಾರಕರು ನ್ಯಾಯಾಲಯಕ್ಕೆ ಹೋದರೂ, 1973ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಶಾಸನವನ್ನು ಎತ್ತಿಹಿಡಿಯಿತು. ವರ್ಮಾಂಟ್ ಕೂಡ 1972ರಲ್ಲಿ ಒತ್ತೆಯ ಕ್ರಮವನ್ನೇ ಅಂಗೀಕರಿಸಿತು.

ಆದರೆ ಈ ಏರ್ಪಾಡಿಗೂ ಮುಪ್ಪು ಬಂದಿತು. ನಾಲ್ಕು ದಶಕಗಳಿಗೂ ಮೀರಿ ಒತ್ತೆಯು 5 ಸೆಂಟುಗಳಲ್ಲಿಯೇ ನಿಂತಿತು. ನಾಣ್ಯದ ಬೆಲೆಯು ಮಾತ್ರ ನಿಲ್ಲಲಿಲ್ಲ. ಇದನ್ನರಿತ ಶಾಸನಸಭೆಯು, ಎರಡು ವರ್ಷ ಒಂದೇಸಮನೆ ನೂರಕ್ಕೆ 80ಕ್ಕಿಂತ ಕಡಮೆ ಸೀಸೆಗಳು ಮರಳಿದರೆ ಒತ್ತೆಯು ಇಮ್ಮಡಿಯಾಗತಕ್ಕದ್ದೆಂದು 2011ರಲ್ಲಿ ವಿಧಿಸಿತು. 2014ರಲ್ಲಿ ಸುಮಾರು 68, 2015ರಲ್ಲಿ ಸುಮಾರು 64 ಮಾತ್ರ ಮರಳಿದುವು. ಅದರಂತೆ 2017ನೆಯ ಏಪ್ರಿಲ್ 1ರಿಂದ ಒತ್ತೆಯು 10 ಸೆಂಟುಗಳಾಯಿತು. 2019ರ ಹೊತ್ತಿಗೆ ಮರಳುವ ಪ್ರಮಾಣವು 80ನ್ನು ಮೀರಿತು.

ಇದರಿಂದ ನಿಷೇಧವು ವ್ಯರ್ಥವೆಂದು ಸಿದ್ಧವಾಗದು. ಕಸದ ಭಾರವನ್ನು ಊರಿನಿಂದಿಳಿಸಿ, ಮಾರುವವರ ಮತ್ತು ಕೊಳ್ಳುವವರ ಮೇಲೆ ಹೊರಿಸಿದ್ದರಿಂದ ಆರಿಗನ್ನಿನ ಕ್ರಮವು ಬೇರೂರಿತು. ತನ್ನ ಸೋಲನ್ನು ತಾನೇ ಅಳೆದು ತಿದ್ದಿಕೊಳ್ಳುವ ವಿಧಿಯನ್ನು ಒಳಗೊಂಡುದರಿಂದ ಅದು ಬಾಳಿತು.