ಮಳೆಗಾಲದಲ್ಲಿ ಹಳ್ಳ ದಾಟುವ ಜೀಪ್‌ಗೆ ಏನೆಲ್ಲ ತಯಾರಿ ಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಮಳೆ ಹಿಡಿದರೆ ಮಲೆನಾಡಿನ ತೋಟ, ಎಸ್ಟೇಟ್ ಲೈನ್, ಒಂಟಿ ಮನೆಗಳಿಗೆ ಜೀಪೇ ಗತಿ. ಗ್ಯಾಸ್ ಸಿಲಿಂಡರ್, ಅಂಗಡಿ ಸಾಮಾನು, ಶಾಲೆ ಮಕ್ಕಳು, ಆಸ್ಪತ್ರೆಗೆ ಹೋಗೋ ರೋಗಿಗಳು ಎಲ್ಲರೂ ಹಳ್ಳ ದಾಟಿಯೇ ಬರಬೇಕು. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಎಷ್ಟೋ ಮಳೆಗಾಲದಲ್ಲಿ ಭದ್ರಾ ನದಿಯಲ್ಲಿ ಮುಳುಗಿದ್ದು, ಭಾಗಮಂಡಲದಲ್ಲಿ ಕಾವೇರಿ ಉಕ್ಕಿ ರಸ್ತೆ ಮೇಲೆ ಹರಿದಿದ್ದು ಎಲ್ಲರಿಗೂ ಗೊತ್ತು.

‘ಫೋರ್ ವೀಲ್ ಉಂಟಲ್ಲ, ಎಂಥ ಆಗಲ್ಲ ಮಾರಾಯ್ರೆ’ ಅನ್ನೋ ಮಾತು ಇಂಥ ಕಡೆ ಸಾಮಾನ್ಯ. ಆದರೆ ಫೋರ್ ವೀಲ್ ಇರೋದು ಕೆಸರಿನಲ್ಲಿ ಚಕ್ರ ಎಳೆಯೋಕೆ. ನೀರು ಒಳಗೆ ಹೋಗದಂತೆ ಅದು ತಡೆಯಲ್ಲ, ಹರಿವಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸೋದೂ ಇಲ್ಲ.

ಕಂಪನಿ ಹೇಳುವ ಲೆಕ್ಕ ಏನು?

ಮಹೀಂದ್ರಾ ಥಾರ್‌ಗೆ ಕಂಪನಿ ಕೊಟ್ಟಿರುವ ನೀರಿನ ಮಿತಿ 650 ಮಿ.ಮೀ., ಅಂದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಸ್ನಾರ್ಕೆಲ್ ಸಮೇತ ಬರುವ 2021ರ ಫೋರ್ಸ್ ಗೂರ್ಖಾಗೆ 700 ಮಿ.ಮೀ. ಈ ಲೆಕ್ಕ ನಿಂತ ನೀರಿಗೆ, ನಿಧಾನವಾಗಿ ಹೋಗುವ ಗಾಡಿಗೆ ಮಾತ್ರ. ಹರಿಯುವ ಹಳ್ಳಕ್ಕೆ ಇದನ್ನು ಹಿಡಿದುಕೊಂಡು ಹೋಗಬೇಡಿ.

ಹಳೆ ಜೀಪ್ ಆದರೆ ಬಾನೆಟ್ ಎತ್ತಿ, ಏರ್ ಕ್ಲೀನರ್ ಗಾಳಿ ಎಳೆಯುವ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಗಾಡಿ ಮುಂದೆ ಏಳುವ ಅಲೆಯೂ ಸೇರುವುದರಿಂದ ನೀರು ಆ ಬಾಯಿಗಿಂತ ಚೆನ್ನಾಗಿ ಕೆಳಗೇ ಇರಬೇಕು.

ಎಂಜಿನ್ ಹಾಳಾಗೋದು ಹೇಗೆ?

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕೆ ಆಗಲ್ಲ. ಏರ್ ಕ್ಲೀನರ್ ಮೂಲಕ ಸಿಲಿಂಡರ್‌ಗೆ ನೀರು ಹೋದರೆ ಪಿಸ್ಟನ್ ಮೇಲೆ ಬರೋಕೆ ಜಾಗ ಸಿಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಕೆಲವು ಸಲ ಮುರಿದು ಬ್ಲಾಕ್ ಒಡೆಯುತ್ತೆ. ಅಲ್ಲಿಗೆ ಎಂಜಿನ್ ಕೆಲಸ ದೊಡ್ಡದಾಯಿತು ಅಂತ ಲೆಕ್ಕ.

ಗಾಳಿ ಎಳೆಯುವ ಬಾಯಿಯನ್ನು ಟಾಪ್ ಮಟ್ಟಕ್ಕೆ ಏರಿಸುವ ಪೈಪೇ ಸ್ನಾರ್ಕೆಲ್. ಇದರ ಒಂದು ಜಾಯಿಂಟ್ ಸಡಿಲ ಇದ್ದರೂ ಹಾಕಿಸಿದ್ದು ವ್ಯರ್ಥ. ಹೊರಗೆ ಹಾಕಿಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ. ಕಂಪನಿ ಕೊಟ್ಟ ರೂಪಕ್ಕಿಂತ ಗಾಡಿ ಬದಲಾಯಿಸೋದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲಿ ನಿರ್ಬಂಧ ಇದೆ.

ಗ್ಯಾರೇಜ್‌ನಲ್ಲಿ ಮಾಡಿಸಬೇಕಾದ ಕೆಲಸ

• ಬ್ರೀದರ್: ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಹಿಂದೆ–ಮುಂದಿನ ಹೌಸಿಂಗ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್‌ಗೆ ಟ್ಯೂಬ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಸಿ. ಖರ್ಚು ಕಡಿಮೆ, ಉಪಯೋಗ ಜಾಸ್ತಿ.

• ಫ್ಯಾನ್: ಬೆಲ್ಟ್‌ನಿಂದ ತಿರುಗುವ ಫ್ಯಾನ್ ಆಳದ ನೀರಿಗೆ ಸಿಕ್ಕರೆ ಎಲೆಗಳು ಮುಂದಕ್ಕೆ ಬಗ್ಗಿ ರೇಡಿಯೇಟರ್ ಕೊರೆಯಬಹುದು. ಎಂಜಿನ್ ಮೇಲೆಲ್ಲ ನೀರು ಎರಚುತ್ತೆ. ಗ್ರಿಲ್ ಮುಂದೆ ಟಾರ್ಪಾಲು ಕಟ್ಟಿದರೆ ಗಾಡಿ ಮುಂದಕ್ಕೆ ಹೋಗುತ್ತಿರುವಷ್ಟು ಹೊತ್ತು ಒಳಗೆ ನೀರು ಕಡಿಮೆ. ದಾಟಿದ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಎಂಜಿನ್ ಹೀಟ್ ಆಗುತ್ತೆ.

• ವೈರಿಂಗ್: ಬ್ಯಾಟರಿ ಅಲುಗಾಡದಂತೆ ಬಿಗಿ ಮಾಡಿಸಿ. ಹೊಸ ಗಾಡಿಯಾದರೆ ಇಸಿಎಂ ಎಲ್ಲಿದೆ ಅಂತ ತಿಳಿದುಕೊಳ್ಳಿ, ಕನೆಕ್ಟರ್‌ಗಳ ರಬ್ಬರ್ ಸೀಲ್ ನೋಡಿಸಿ.

• ಹಗ್ಗ: ಟೋಯಿಂಗ್ ಹುಕ್ ಗಟ್ಟಿ ಇರಲಿ. ನೀರಿಗೆ ಇಳಿಯುವ ಮೊದಲೇ ಹಗ್ಗ ಸಿಕ್ಕಿಸಿಟ್ಟಿರಿ. ನೀರಿನ ಒಳಗೆ ಹುಕ್ ಹುಡುಕೋಕೆ ಆಗಲ್ಲ.

ದಾಟುವಾಗ

ನೀರು ನಿಂತಿದ್ದರೆ ಕೋಲು ಹಿಡಿದು ಆಳ, ಗುಂಡಿ, ಕಲ್ಲು ನೋಡಿ. ದೂರ ಓಡಿ ಬಂದಿದ್ದರೆ ಗಾಡಿ ಸ್ವಲ್ಪ ತಣ್ಣಗಾಗಲಿ. ಫೋರ್ ವೀಲ್ ಲೋ, ಫಸ್ಟ್ ಅಥವಾ ಸೆಕೆಂಡ್ ಗೇರ್, ಒಂದೇ ಆಕ್ಸಿಲರೇಟರ್. ನಡುವೆ ಕ್ಲಚ್ ಒತ್ತಬೇಡಿ, ಗೇರ್ ಬದಲಾಯಿಸಬೇಡಿ. ವೇಗವಾಗಿ ನುಗ್ಗಿದರೆ ಅಲೆ ಬಾನೆಟ್ ಮೇಲೆ ಬರುತ್ತೆ.

ಎಂಜಿನ್ ಆಫ್ ಆಯ್ತಾ? ಮತ್ತೆ ಸೆಲ್ಫ್ ಹೊಡೀಬೇಡಿ. ಅಲ್ಲಿಯವರೆಗೆ ಉಳಿದಿದ್ದ ಎಂಜಿನ್ ಕೂಡ ಆ ಒಂದು ಸೆಲ್ಫ್‌ಗೆ ಹೋಗಬಹುದು. ಎಳೆಸಿಕೊಂಡು ದಡಕ್ಕೆ ತಂದು ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್‌ಗೆ ನೀರು ಹೋದ ನಷ್ಟವನ್ನು ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಕೊಡೋದು ಕಷ್ಟ. ‘ಎಂಜಿನ್ ಪ್ರೊಟೆಕ್ಟ್’ ಅನ್ನೋ ಹೆಚ್ಚುವರಿ ಕವರ್ ಇದೆಯಾ ಅಂತ ಈಗಲೇ ಪಾಲಿಸಿ ತೆಗೆದು ನೋಡಿ.

ದಾಟಿದ ಮೇಲೆ

ಬ್ರೇಕ್ ಒದ್ದೆ ಇರುತ್ತೆ, ಹಿಡಿಯಲ್ಲ. ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ಒತ್ತುತ್ತಾ ಹೋಗಿ ಒಣಗಿಸಿ. ಡಿಪ್ ಸ್ಟಿಕ್ ಎಳೆದು ನೋಡಿ, ಹೌಸಿಂಗ್ ಮತ್ತು ಗೇರ್ ಬಾಕ್ಸ್ ಆಯಿಲ್ ಕೂಡ ನೋಡಿಸಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಓಡಿಸದೆ ಬದಲಾಯಿಸಿ. ಏರ್ ಕ್ಲೀನರ್, ವೀಲ್ ಬೇರಿಂಗ್ ಗ್ರೀಸ್ ಕೂಡ ಚೆಕ್ ಮಾಡಿಸಿ.

ಎಷ್ಟೇ ತಯಾರಿ ಇದ್ದರೂ ಇಳಿಯಬಾರದ ನೀರು

ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಹುದು. 30 ಸೆಂ.ಮೀ. ಸಾಕು, ಕಾರು ತೇಲಿ ಹೋಗೋದಕ್ಕೆ. 60 ಸೆಂ.ಮೀ. ಆದರೆ ಜೀಪು, ಪಿಕಪ್ ಕೂಡ ಕೊಚ್ಚಿ ಹೋಗಬಹುದು. ಕಂಪನಿ ಹೇಳಿದ 650 ಮಿ.ಮೀ. ಅಂದರೆ 65 ಸೆಂ.ಮೀ. ಅಂದರೆ ಎಂಜಿನ್‌ಗೆ ಏನೂ ಆಗದ ಆಳದಲ್ಲೇ ಗಾಡಿ ಜನರ ಸಮೇತ ಹೋಗಬಹುದು.

ಕಾರಣ ಇಷ್ಟೇ: ಒಂದು ಘನ ಮೀಟರ್ ನೀರಿನ ತೂಕ 1000 ಕೆ.ಜಿ. ಗಾಡಿ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತೋ ಅಷ್ಟು ತೂಕ ಚಕ್ರದ ಮೇಲಿಂದ ಇಳಿಯುತ್ತೆ. ಚಕ್ರಕ್ಕೆ ಹಿಡಿತ ತಪ್ಪಿದಾಗ ಹರಿವು ಪಕ್ಕದಿಂದ ದೂಡುತ್ತೆ. ಸ್ನಾರ್ಕೆಲ್ ಇಲ್ಲಿ ಏನೂ ಮಾಡಲ್ಲ.

ಸೇತುವೆ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ಕೆಳಗೆ ರಸ್ತೆ ಇದೆಯೋ, ಕೊಚ್ಚಿ ಹೋಗಿದೆಯೋ ಕಾಣಲ್ಲ. ಬ್ಯಾರಿಕೇಡ್ ಇಟ್ಟಿದ್ದರೆ ಸರಿಸಿ ಹೋಗಬೇಡಿ. ನಡೆದು ದಾಟೋಕೆ ಧೈರ್ಯ ಬಾರದ ನೀರಿಗೆ ಗಾಡಿಯನ್ನೂ ಇಳಿಸಬೇಡಿ. ಸಾಮಾನು ನಾಳೆ ತಲುಪಿದರೂ ನಡೆಯುತ್ತೆ. ರೋಗಿ ಇದ್ದು ದಾರಿ ಬಂದ್ ಆಗಿದ್ದರೆ 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮ್‌ನ 1077ಕ್ಕೆ ಫೋನ್ ಮಾಡಿ.