ಜಟ್ಟಿಗಳ ಒಳಪೆಟ್ಟು

ವಿಜಯದಶಮಿಯ ದಿನ ಜಂಬೂ ಸವಾರಿಗೆ ಮುನ್ನ ಮೈಸೂರು ಅರಮನೆಯ ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿ ನೆತ್ತಿಯಲ್ಲಷ್ಟೇ ಜುಟ್ಟು ಉಳಿಸಿಕೊಂಡ ಜಟ್ಟಿಗಳು ಬಲಗೈ ಬೆರಳುಗಳಿಗೆ ಮೊನೆಯುಳ್ಳ ಮುಷ್ಟಿ ಧರಿಸಿ ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಮನೆತನಗಳಿಂದ ಜೋಡಿಗಳು ಬರುತ್ತವೆ. ಯಾರ ತಲೆಯಿಂದ ಮೊದಲು ರಕ್ತ ಜಿನುಗುತ್ತದೋ ಅಲ್ಲಿಗೆ ಕಾಳಗ ಮುಗಿಯಿತು.

ರಕ್ತವನ್ನೇ ಅಳತೆಗೋಲು ಮಾಡಿಕೊಂಡ ಈ ಪದ್ಧತಿ ಹಳೆಯದು. ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಸ್, ಮಹಾನವಮಿಯಲ್ಲಿ ಮಲ್ಲರು ಮೊನೆಯುಳ್ಳ ಬಳೆಗಳಿಂದ ಪರಸ್ಪರ ಗಾಯಗೊಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆ ಬಟ್ಟೆಯ ಉಡುಗೊರೆ ಸಿಗುತ್ತಿತ್ತಂತೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಉತ್ಸವ ಆರಂಭಿಸಿದಾಗ ವಿಜಯನಗರದ ಆ ವೈಭವ ಮೈಸೂರು ಸೀಮೆಗೆ ಬಂತು.

ಆದರೆ ಮಲ್ಲನ ಮೈಯನ್ನು ಹೆಚ್ಚು ಕಾಲ ಕಾಡುವುದು ನೆತ್ತಿಯ ಗಾಯವಲ್ಲ. ಗರಡಿಯ ಮಟ್ಟಿಯಲ್ಲಿ ಭುಜ ತಿರುಚುತ್ತದೆ, ಮೊಣಕೈ ಕೀಲು ತಪ್ಪುತ್ತದೆ, ಕತ್ತು ಉಳುಕುತ್ತದೆ. ಒಂದು ಹನಿ ರಕ್ತವೂ ಹೊರಗೆ ಬರುವುದಿಲ್ಲ. ಒಳಗೆ ಹರಿದ ಸ್ನಾಯು, ಪೊರೆಗಳನ್ನು ದೇಹ ಕೊಲಾಜನ್ ಎಳೆಗಳಿಂದ ಬೆಸೆಯುತ್ತದೆ. ಆ ಬೆಸುಗೆ ತಿಂಗಳುಗಟ್ಟಲೆ ಕುಗ್ಗುತ್ತಾ, ಒಣಗುವ ಅಂಟಿನಂತೆ ಸುತ್ತಲಿನದನ್ನು ಎಳೆದು ಬಿಗಿಯುತ್ತದೆ. ಕೈ ಮಡಚಿ ಚಾಚುವಾಗಲೆಲ್ಲ ನರಗಳು ಸ್ನಾಯುಗಳ ನಡುವೆ ಜಾರಬೇಕು. ಬೆಸುಗೆಗೆ ಸಿಕ್ಕ ನರ ಜಾರದು. ಕೊರಳೆಲುಬು (ಕಾಲರ್ ಬೋನ್) ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಿನಲ್ಲಂತೂ ತೋಳಿನ ನರಗಳೂ ರಕ್ತನಾಳಗಳೂ ಒಟ್ಟಿಗೆ ಸಾಗುತ್ತವೆ. ಅಲ್ಲಿ ನರ ಒತ್ತಿದರೆ ಬೆರಳು ಜೋಮು ಹಿಡಿಯುತ್ತದೆ. ತೆಳುಗೋಡೆಯ ಅಭಿಧಮನಿ ಒತ್ತಿದರೆ ತೋಳು ಊದಿ ನೀಲಿಗಟ್ಟುತ್ತದೆ. ಪೆಟ್ಟು ಬಿದ್ದ ವರ್ಷ ಮರೆತೇ ಹೋಗಿರುತ್ತದೆ.

ಪೆಟ್ಟಿನ ಈ ತಡವಾದ ಪರಿಣಾಮವನ್ನು ಯುರೋಪಿನ ವೈದ್ಯರು ತುಂಡುತುಂಡಾಗಿ ಕಂಡುಕೊಂಡರು. ಲಂಡನ್ನಿನ ಜೇಮ್ಸ್ ಪೇಜೆಟ್ 1854ರಲ್ಲಿ ಬರೆದ ರೋಗಿಗೆ ಮುರಿದ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಅಲ್ಲಿ ಬೆಳೆದ ಹೆಚ್ಚುವರಿ ಮೂಳೆ ನರವನ್ನು ಒತ್ತುತ್ತಿತ್ತು. ಮೊಣಕೈ ಪೆಟ್ಟಿನ ಎಷ್ಟೋ ವರ್ಷಗಳ ಮೇಲೆ ಬರುವ ನರದೌರ್ಬಲ್ಯವನ್ನು ಪನಾಸ್ 1878ರಲ್ಲಿ ವಿವರಿಸಿದ.

ಈ ನೆಲದ ಓದು ಅದಕ್ಕಿಂತ ಬಹಳ ಹಿಂದಿನದು. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೆಸರಿಸುತ್ತದೆ. ಮಣಿಕಟ್ಟಿನ ಮಣಿಬಂಧಕ್ಕೆ ಪೆಟ್ಟಾದರೆ ಕೈ ಜಡವಾಗುತ್ತದೆ, ಮೊಣಕೈಯ ಕೂರ್ಪರಕ್ಕಾದರೆ ಸೊಟ್ಟಗಾಗುತ್ತದೆ. ಎದೆ ಮತ್ತು ಕಂಕುಳಿನ ನಡುವಿನ ಕಕ್ಷಧರಕ್ಕಾದರೆ ಪಕ್ಷಾಘಾತ. ತೋಳಿನ ನರಗುಚ್ಛ ಹಾದುಹೋಗುವ ಸೀಮೆಯೇ ಅದು. ಶವಪರೀಕ್ಷೆಯ ಜತೆಗೆ ಕಾಳಗದ ಗಾಯಾಳುಗಳನ್ನು ಹತ್ತಿರದಿಂದ ನೋಡಿದವರಿಗಲ್ಲದೆ ಇಷ್ಟು ನಿಖರತೆ ದಕ್ಕುವುದು ಕಷ್ಟ.

ಜಟ್ಟಿಗಳ ಕಸುಬಿನ ಇನ್ನೊಂದು ಮುಖ ಇಲ್ಲಿಯೇ ಇದೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಸಂಪುಟಗಳಲ್ಲಿ ಜಟ್ಟಿಗಳು ಬರೀ ಮಲ್ಲರಲ್ಲ, ಲೇಪ ಹಚ್ಚಿ ತಿಕ್ಕಿ ನರದ ನೋವು ಕಳೆಯುವವರು, ತಪ್ಪಿದ ಕೀಲು ಕೂರಿಸುವುದರಲ್ಲಿ ನುರಿತವರು. ಯಾವ ಪಟ್ಟಿಗೆ ಯಾವ ಕೀಲು ಕಳಚುತ್ತದೆಂದು ಬಲ್ಲ ಕೈಗೆ ಅದನ್ನು ಮರಳಿ ಕೂರಿಸುವ ದಾರಿಯೂ ಗೊತ್ತಿತ್ತು. ಕುಸ್ತಿಯ ಕೀರ್ತಿಗಿಂತ ಈ ವಿದ್ಯೆಗೇ ಹೆಚ್ಚಿನ ಗೌರವ ಸಲ್ಲಬೇಕು.

ಹಾಗೆಂದು ನಾಟಿ ಚಿಕಿತ್ಸೆಯನ್ನು ಕಣ್ಣುಮುಚ್ಚಿ ಹೊಗಳಲಾಗದು. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಎಂದು ಸುಶ್ರುತನೇ ಎಚ್ಚರಿಸಿದ್ದಾನೆ. ಬಿಗಿ ಕಟ್ಟಿನಿಂದ ರಕ್ತ ಹರಿಯದೆ ಮುಂಗೈ ಸ್ನಾಯು ಸತ್ತು ಸೆಟೆದುಕೊಳ್ಳುವುದನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ. ಸತ್ತ ಸ್ನಾಯುವಿನ ಜಾಗದಲ್ಲಿ ಬೆಳೆಯುವುದೂ ಅದೇ ಗಟ್ಟಿ ಅಂಗಾಂಶವೇ, ಅದರೊಳಗೆ ಸಿಕ್ಕಿಕೊಳ್ಳುವುದೂ ನರವೇ. ಬಿದಿರು ದಬ್ಬೆಯ ಬಿಗಿ ಕಟ್ಟಿನಿಂದ ಕೈ ಕಳೆದುಕೊಂಡ ಮಕ್ಕಳು ಇಂದಿಗೂ ನಮ್ಮ ಆಸ್ಪತ್ರೆಗಳಿಗೆ ಬರುತ್ತಾರೆ. ಇದನ್ನು ಪರಂಪರೆಯ ಹೆಸರಿನಲ್ಲಿ ಮುಚ್ಚಿಡುವುದು ಅನ್ಯಾಯ.

ಈ ಎರಡೂ ಬಗೆಯ ಅರಿವಿಗೆ ಮೈಸೂರಿನಲ್ಲೇ ನೆಲೆಯಿದೆ. 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜಿದೆ. 1924ರಲ್ಲಿ ಹುಟ್ಟಿದ ಮೈಸೂರು ವೈದ್ಯಕೀಯ ಕಾಲೇಜೂ ಇದೆ. ಗರಡಿಗಳೂ ಪೂರ್ತಿ ಮುಚ್ಚಿಲ್ಲ. ಸಾಮು ಬಿಟ್ಟು ದಶಕಗಳಾದ ಪೈಲ್ವಾನರೊಬ್ಬರು ಕೈ ಜೋಮು ಎಂದು ಬಂದರೆ ವೈದ್ಯರು ಎರಡೂ ತೋಳು ಮೇಲೆತ್ತಿಸಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಚ್ಚಿಸಿ ನೋಡುತ್ತಾರೆ. ನರದ ವಹನ ಪರೀಕ್ಷೆ, ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಯಾವ ಗರಡಿಯಲ್ಲಿ ಸಾಮು ಮಾಡಿದಿರಿ, ಯಾವ ಪಟ್ಟಿಗೆ ಬಿದ್ದಿರಿ, ಕೀಲು ಕೂರಿಸಿದವರು ಯಾರು, ಕಟ್ಟು ಎಷ್ಟು ದಿನ ಇತ್ತು?